ಹೊಳೆ ಹಿಂದಕ್ಕೆ ಹರಿದಾಗ

ಬೆಳಗಿನ ನಮಾಜು ಮುಗಿಸಿ ಎಂಟನೆಯ ರೊಟ್ಟಿಯನ್ನು ಹಂಚಿನಿಂದ ಇಳಿಸುವಷ್ಟರಲ್ಲಿ ಹುಲಿಗೇಶನ ಬಾಡಿಗೆ ಕಾರು ಲಕ್ಷ್ಮೇಶ್ವರದ ನಮ್ಮ ಓಣಿಯ ತುದಿಗೆ ಬಂದು ನಿಂತಿತು. ಶಿರಹಟ್ಟಿಯಿಂದ ಅದರಲ್ಲಿ ಇಬ್ಬರು ಬಂದಿದ್ದರು. ಒಬ್ಬರು ಹೈಸ್ಕೂಲು ಮಾಸ್ತರ ಕನಕರಾಜ. ಇನ್ನೊಬ್ಬರು ಅವರ ತಂದೆ ಮೈಲಾರಪ್ಪ. ಎಪ್ಪತ್ತಾರು ವರ್ಷದ, ಬಿಳಿ ರುಮಾಲಿನ ಅವರು ಮುಂಡರಗಿ ಕಡೆಯ ಹೊಳೆದಂಡೆಯ ಹಳ್ಳಿಯೊಂದರಲ್ಲಿ ನಲವತ್ತು ವರ್ಷ ಹರಗೋಲು ಹಾಕಿದವರು. ಸೇತುವೆ ಆದ ಮೇಲೆ ಹರಗೋಲು ಗೋಡೆಗೆ ಒರಗಿತು, ಅವರು ಮಗನ ಮನೆಗೆ ಬಂದರು.

ರುಹಿ ನನ್ನ ಹಿರಿಯ ಮಗಳು. ಧಾರವಾಡದಲ್ಲಿ ಇತಿಹಾಸ ಓದಿ ಬಂದು, ಎರಡು ವರ್ಷದಿಂದ ಲಕ್ಷ್ಮೇಶ್ವರಕ್ಕೆ ಬರುವ ಶಾಲಾ ಮಕ್ಕಳಿಗೆ ಗುಡಿ, ಬಸದಿ, ಹಳೆಯ ಮಸೀದಿ ತೋರಿಸಿ ವಿವರ ಹೇಳುತ್ತಿದ್ದಳು. ಈ ಬೇಸಿಗೆಯಿಂದ ಹೊಸದೊಂದು ಶುರು ಮಾಡಬೇಕೆಂದಿದ್ದಳು. ಒಂದು ಕಾರು, ಒಂದೇ ಮನೆಯ ಜನ, ಒಂದು ದಿನದ ಪ್ರವಾಸ: ನಸುಕಿನಲ್ಲಿ ಸವಣೂರ ನವಾಬರ ಅರಮನೆ, ಹೊತ್ತೇರುವಾಗ ಘಟ್ಟ ಇಳಿದು ಮಿರ್ಜಾನ ಕೋಟೆ, ಮಧ್ಯಾಹ್ನ ಸಮುದ್ರ. ಮೊದಲ ಗಿರಾಕಿ ಕನಕರಾಜ ಮಾಸ್ತರ. ಅವರ ಪರಿಚಯದ ನಾಲ್ಕು ಮನೆಯವರು, ‘ನಿಮ್ಮಪ್ಪ ಹೋಗಿ ಬರಲಿ, ಆಮೇಲೆ ನಮ್ಮ ಹಿರಿಯರನ್ನೂ ಕಳಿಸುತ್ತೇವೆ’ ಎಂದು ಕಾದಿದ್ದರು. ರುಹಿಯ ಅಬ್ಬಾ ಮಾತ್ರ ಇದಕ್ಕೆ ಅರ್ಧ ಮನಸ್ಸಿನಲ್ಲಿದ್ದರು. “ನಿಮ್ಮಮ್ಮಿ ಜೋಡಿಗೆ ಬರಲಿ. ಒಂದ ಸಲ ನೋಡೂಣು. ಏನರ ತ್ರಾಸ ಆತಂದ್ರ ಈ ಕೆಲಸ ಇಲ್ಲಿಗೆ ಬಂದ್” ಎಂದಿದ್ದರು. ಹಾಗಾಗಿ ನಾನೂ ಹೊರಟಿದ್ದೆ.

ಕನಕರಾಜ ಮಾಸ್ತರರಿಗೆ ಗದಗಿನಲ್ಲಿ ಹತ್ತನೇ ಇಯತ್ತೆಯ ಪೇಪರು ತಿದ್ದುವ ಡ್ಯೂಟಿ. ಬಸ್ಸಿಗೆ ಹೋಗುವ ಮೊದಲು ನಮ್ಮ ಬಾಗಿಲಲ್ಲಿ ನಿಂತು ರುಹಿಗೆ ಹೇಳಿದರು.

“ಮೇಡಂ, ಅಪ್ಪ ಶಾಣ್ಯಾ ಇದ್ದಾಗ ಭಾಳ ಶಾಣ್ಯಾ. ಮರೆವು ಬಂತಂದ್ರ ಇಪ್ಪತ್ತು ವರ್ಷ ಹಿಂದ ಹೋಗಿ ನಿಂತಿರ್ತಾರ. ಕೈ ಬಿಡಬ್ಯಾಡ್ರಿ.”

“ನಾ ಇಲ್ಲೇ ಅದೀನಲೇ ಕನಕ್ಯಾ,” ಎಂದರು ಮೈಲಾರಪ್ಪ. “ಎಮ್ಮಿ ಮಾರೋರ ಗತೆ ನನ್ನ ಮುಂದನ ನನ್ನ ಸುಳಿ ಹೇಳತೀಯಲ್ಲ.”

“ನಿಮ್ಮ ಮನಿ ಬಾಗಲಕ್ಕ ತಂದು ನಿಮ್ಮ ಕೈಯಾಗ ಕೊಡತೀನ್ರಿ ಸರ್,” ಎಂದಳು ರುಹಿ. ಅವಳು ಅದನ್ನು ಹೇಳಿದ ರೀತಿಗೆ ನನಗೆ ಒಳಗೊಳಗೇ ಅಂಜಿಕೆಯಾಯಿತು. ಮಾತು ಕೊಡುವಾಗ ಅವಳು ಯಾವಾಗಲೂ ಪೂರ್ತಿ ಕೊಡುತ್ತಾಳೆ.

ಹೊರಡುವ ಮುಂಚೆ ನಾನು ಅವಳ ಬಲತೋಳಿಗೆ ಇಮಾಮ್ ಜಾಮೀನು ಕಟ್ಟಿದೆ. ದೂರ ಹೋಗುವವರಿಗೆ ನಮ್ಮಲ್ಲಿ ಒಂದು ನಾಣ್ಯವನ್ನು ಹಸಿರು ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟುತ್ತೇವೆ. ಸುಖವಾಗಿ ಮುಟ್ಟಿದ ಮೇಲೆ ಬಿಚ್ಚಿ, ಆ ನಾಣ್ಯವನ್ನು ಯಾರಾದರೂ ಬಡವರ ಕೈಗೆ ಹಾಕುತ್ತಾರೆ. ನನ್ನ ಅತ್ತೆ ಕಟ್ಟುತ್ತಿದ್ದರು, ಈಗ ನಾನು ಕಟ್ಟುತ್ತೇನೆ.

ಮೈಲಾರಪ್ಪನವರು ಕಾರಿನ ಬಾಗಿಲು ಹಿಡಿದು ಅದನ್ನು ನೋಡುತ್ತಿದ್ದರು. “ನನಗಿಲ್ಲೇನವ್ವಾ? ನಾನೂ ಅಷ್ಟ ದೂರ ಹೊಂಟೇನಿ.”

ನನಗೆ ಖುಷಿಯಾಯಿತು. ಒಳಗೆ ಓಡಿ ಉಳಿದ ಬಟ್ಟೆಯ ಚೂರು ಹರಿದು, ಡಬ್ಬಿಯಲ್ಲಿದ್ದ ಐದು ರೂಪಾಯಿಯ ನಾಣ್ಯ ಸುತ್ತಿ, ಅವರ ಅಂಗಿಯ ತೋಳಿನ ಮೇಲೆ ಕಟ್ಟಿದೆ. ತೋಳು ತೆಳ್ಳಗಾಗಿತ್ತು, ಆದರೆ ಒಳಗಿನ ನರ ಇನ್ನೂ ಹಗ್ಗದ ಹಾಗೆ ಗಟ್ಟಿ.

“ಮುಟ್ಟುತನಾ ಬಿಚ್ಚಬ್ಯಾಡ್ರಿ ಕಾಕಾರ.”

“ಮುಟ್ಟಿದ ಮ್ಯಾಲ?”

“ಬಿಚ್ಚಬೇಕ್ರಿ. ಬಿಚ್ಚಿ...”

ಹುಲಿಗೇಶ ಹಾರ್ನ್ ಒತ್ತಿದ. “ಬೂಬಮ್ಮಾರ, ಹೊತ್ತು ಆತು. ಅರಮನಿ ನಮ್ಮ ಸಂಬಂಧ ಅಲ್ಲೇ ನಿಂತಿರತೈತಿ, ಆದ್ರ ಘಟ್ಟದಾಗ ಲಾರಿ ನಿಲ್ಲಂಗಿಲ್ಲ.” ನಾನು ರೊಟ್ಟಿಯ ಗಂಟು ಎತ್ತಿಕೊಂಡು ಹತ್ತಿದೆ. ಅರ್ಧ ಮಾತು ಅಲ್ಲೇ ಉಳಿಯಿತು.

ಸವಣೂರಿಗೆ ಮುಟ್ಟಿದಾಗ ಆಗತಾನೇ ಸೂರ್ಯ ಏಳುತ್ತಿದ್ದ. ಅರಮನೆಯ ಬಾಗಿಲಿಗೆ ಬೀಗ. ಹೊರಗೆ ನಿಂತೇ ರುಹಿ ನವಾಬರ ಕತೆ ಹೇಳಿದಳು: ಯಾರು ಕಟ್ಟಿಸಿದರು, ಯಾರ ಜೊತೆ ಕಾದಾಡಿದರು, ಯಾರಿಗೆ ಅರ್ಧ ರಾಜ್ಯ ಬಿಟ್ಟುಕೊಟ್ಟರು. ಅವಳು ಹೇಳುವಾಗ ಕೈ ಆಡಿಸುವುದನ್ನು ನಾನು ಮೊದಲ ಬಾರಿ ನೋಡಿದೆ. ಮನೆಯಲ್ಲಿ ಪಾತ್ರೆ ತೊಳೆಯುವ ಅದೇ ಕೈ, ಇಲ್ಲಿ ಗಾಳಿಯಲ್ಲಿ ಗೋಡೆ ಎಬ್ಬಿಸುತ್ತಿತ್ತು. ಮೈಲಾರಪ್ಪನವರು ಎಲ್ಲ ಕೇಳಿ, “ಇಷ್ಟೆಲ್ಲಾ ಕಟ್ಟಿಸಿ ಹೊಳಿ ಬದೀಲೆ ಯಾಕ ಕಟ್ಟಸಲಿಲ್ಲ?” ಎಂದರು.

“ಹೊಳಿ ಬದೀಲೆ ಕಟ್ಟಿದ್ರ ನೀವು ಸೈನ್ಯಾ ದಾಟಿಸಿ ಬಿಡ್ತಿದ್ರಲ್ರಿ ಅಜ್ಜಾರ,” ಎಂದಳು ಅವಳು. ಅವರು ನಕ್ಕರು. ಆಮೇಲೆ ಕಾರು ಹತ್ತುವಾಗ ತೋಳು ಮುಟ್ಟಿ ನೋಡಿಕೊಂಡು ಕೇಳಿದರು, “ಮುಟ್ಟಿದ್ವೇನು?”

“ಇನ್ನೂ ಇಲ್ರಿ. ಸಮುದ್ರ ಬಂದ ಮ್ಯಾಲ ಮುಟ್ಟಿದಂಗ.”

ಶಿರಸಿಯಲ್ಲಿ ನಾಷ್ಟಾ ಮಾಡುವಾಗ ಅವರಿಗೆ ಮಾತು ಚಾಲೂ ಆಯಿತು. ಮಗನ ಮದುವೆಯ ಕಂಕಣವನ್ನು ಬೀಗರು ಊರ ಕೆರೆಯಲ್ಲಿ ಬಿಟ್ಟರಂತೆ. ಅದಕ್ಕೆ ಇವರು ಬೀಗರ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದರಂತೆ. “ಕಟ್ಟಿದ್ದನ್ನ ಹರಿಯೋ ನೀರಿಗೆ ಬಿಡಬೇಕು. ನಿಂತ ನೀರು ಅದನ್ನ ಎಲ್ಲಿಗೆ ಒಯ್ಯತೈತಿ? ಅಲ್ಲೇ ಕೊಳೀತೈತಿ. ಅದಕ್ಕ ಅವರಿಬ್ಬರದೂ ಇವತ್ತಿಗೂ ಜಗಳ.” ಹುಲಿಗೇಶ ಇಡ್ಲಿ ನುಂಗುತ್ತ, “ನಂದೂ ಯಾವುದೋ ಬಾವ್ಯಾಗ ಬಿಟ್ಟಿರಬೇಕು ಬಿಡ್ರಿ” ಎಂದ. ನಾನು ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದೆ. ಮಾತು ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ.

ಮಿರ್ಜಾನದಲ್ಲಿ ಬಿಸಿಲು ಸುಡುತ್ತಿತ್ತು. ಕೆಂಪು ಕಲ್ಲಿನ ಕೋಟೆ, ಗೋಡೆಯ ತುಂಬ ಒಣಗಿದ ಪಾಚಿ. ಒಳಗೆ ಅರಮನೆಯೆಂದರೆ ಈಗ ಬರೀ ಪಾಯದ ಕಟ್ಟೆ. ಗೇರುಸೊಪ್ಪೆಯ ರಾಣಿ, ಕರಿಮೆಣಸು, ಅದನ್ನು ಕೊಳ್ಳಲು ಬರುತ್ತಿದ್ದ ಹಡಗುಗಳು ಎಂದು ರುಹಿ ಹೇಳುತ್ತಿದ್ದಂತೆ ಮೈಲಾರಪ್ಪನವರಿಗೆ ಮೊದಲ ಸಲ ಮರೆವು ಕವಿಯಿತು. ಬುರುಜಿನಿಂದ ಹೊಳೆಯ ಕಡೆ ನೋಡುತ್ತ, “ಇವತ್ತ ಸಂತಿ ಐತಿ, ಜನ ಕಾಯಾಕ ಹತ್ಯಾರ, ನಾ ಹೋಗಬೇಕು” ಎಂದು ಮೆಟ್ಟಿಲ ಕಡೆ ಹೊರಟುಬಿಟ್ಟರು. ರುಹಿ ಓಡಿಹೋಗಿ ಕೈ ಹಿಡಿದಳು. “ಇವತ್ತ ಸಂತಿ ಇಲ್ರಿ ಅಜ್ಜಾರ, ಸೂಟಿ.” ಅವರು ಅವಳ ಮುಖ ನೋಡಿದರು. ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು. ಅಲ್ಲಿಂದ ಕಾರಿನ ತನಕ ಅವಳು ಅವರ ಕೈ ಬಿಡಲಿಲ್ಲ. ನಾನು ಹಿಂದಿನಿಂದ ಬರುತ್ತ, ಈ ದಿನ ಒಮ್ಮೆ ಮುಗಿದರೆ ಸಾಕಪ್ಪಾ ಎಂದುಕೊಂಡೆ.

ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ, ಅಳಿವೆಯಿಂದ ಸ್ವಲ್ಪ ಈಚೆಗೆ ಸಣ್ಣದೊಂದು ದಂಡೆ. ಜನ ಇರಲಿಲ್ಲ. ತೆಂಗಿನ ಗರಿಯ ಚಪ್ಪರ ಹಾಕಿದ ಒಂದು ಗೂಡಂಗಡಿ, ಅದರಲ್ಲಿ ಎಳನೀರು ಮಾರುವ ಹೆಂಗಸು. ಅಷ್ಟೇ.

ಮೈಲಾರಪ್ಪನವರು ಸಮುದ್ರದ ಮುಂದೆ ಹೋಗಿ ನಿಂತರು. ಧೋತರದ ಅಂಚು ನೆನೆಯಿತು.

“ಹೆಂಗ ಐತ್ರಿ ಅಜ್ಜಾರ?” ಎಂದಳು ರುಹಿ.

“ಆಚಿ ದಂಡಿನ ಇಲ್ಲಲ್ಲಬೇ. ಇಲ್ಲಿ ಹರಗೋಲು ಹಾಕಿದಂವಾ ಯಾರನ್ನ ಎಲ್ಲಿ ಇಳಸಬೇಕು?” ಎಂದರು. ಆಮೇಲೆ ತೋಳಿನ ಗಂಟು ಮುಟ್ಟಿ, “ಹಂಗಾರ ಮುಟ್ಟಿದ್ವಿ” ಎಂದರು.

“ಮುಟ್ಟಿದ್ವ್ರಿ,” ಎಂದಳು ರುಹಿ.

ಚಪ್ಪರದ ಕೆಳಗೆ ಊಟ ಮಾಡಿದೆವು. ರೊಟ್ಟಿ, ಶೇಂಗಾ ಹಿಂಡಿ, ಮೊಟ್ಟೆ. ಹುಲಿಗೇಶ ಕಾರಿನ ಸೀಟು ಹಿಂದಕ್ಕೆ ಬಾಗಿಸಿ ಮಲಗಿದ. ಅಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಮಾಸ್ತರರಿಗೆ ಫೋಟೊ ಕಳಿಸಿ ಬರುತ್ತೇನೆಂದು ರುಹಿ ರಸ್ತೆಯ ಏರಿಗೆ ಹೋದಳು. “ಅಮ್ಮಿ ಅದಾಳ, ನಾ ಈಗ ಬಂದೆ” ಎಂದಳು. ನಾನು ಮಧ್ಯಾಹ್ನದ ನಮಾಜಿನ ಹೊತ್ತು ಮೀರುತ್ತಿದೆಯೆಂದು ಚಪ್ಪರದ ಹಿಂದೆ ಚಾಪೆ ಹಾಸಿದೆ. ಮೈಲಾರಪ್ಪನವರು ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದರು. ಹತ್ತು ನಿಮಿಷ. ಹತ್ತಕ್ಕಿಂತ ಹೆಚ್ಚಿಲ್ಲ.

ಎದ್ದು ಬಂದಾಗ ಕಂಬದ ಹತ್ತಿರ ಅವರ ಚಪ್ಪಲಿ ಮಾತ್ರ ಇದ್ದವು.

ಎರಡೂ ಚಪ್ಪಲಿ ಒಂದರ ಪಕ್ಕ ಒಂದು ಇದ್ದವು, ಗುಡಿಯ ಮುಂದೆ ಬಿಟ್ಟ ಹಾಗೆ. ನಾನು ಸಮುದ್ರದ ಕಡೆ ನೋಡಿದೆ. ಎಡಕ್ಕೂ ಬಲಕ್ಕೂ ಬರೀ ಮರಳು. ರಸ್ತೆಯಿಂದ ಇಳಿದು ಬರುತ್ತಿದ್ದ ರುಹಿ ನನ್ನ ಮುಖ ಕಂಡೇ ಓಡಿ ಬಂದಳು.

“ಅಜ್ಜಾರು ಎಲ್ಲಿ?”

“ಇಲ್ಲೇ ಇದ್ರು. ನಾ ನಮಾಜಿಗೆ...”

ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ಸುಟ್ಟಿತು. ಹುಲಿಗೇಶನನ್ನು ಎಬ್ಬಿಸಿ ರಸ್ತೆಯ ಮೇಲೆ ಕಾರು ಓಡಿಸಿ ನೋಡಲು ಕಳಿಸಿದಳು. ತಾನು ನೀರಿನಂಚಿಗೆ ಓಡಿ, ಹೆಜ್ಜೆ ಗುರುತು ಹುಡುಕುತ್ತ ದಂಡೆಯುದ್ದಕ್ಕೂ ಹೋದಳು. ಒದ್ದೆ ಮರಳಿನಲ್ಲಿ ಗುರುತೇ ಉಳಿದಿರಲಿಲ್ಲ. ಅಲೆ ಮೊದಲಿಗಿಂತ ಮೇಲೆ ಬರುತ್ತಿತ್ತು.

ನಾನು ಅಂಗಡಿಯ ಹೆಂಗಸನ್ನು ಕೇಳಿದೆ.

“ಅಜ್ಜ ನನ್ನ ಹತ್ರ ಬಂದಿದ್ದ,” ಎಂದಳು ಅವಳು. “ತೋಳಿಗೆ ಕಟ್ಟಿದ್ದ ಹಸಿರು ಪಟ್ಟಿ ತೋರಿಸ್ದ. ಮುಟ್ಟಿ ಆಯ್ತು, ಇದನ್ನ ಬಿಚ್ಚಬೇಕು ಅಂದ. ಎಂತದೋ ನನಗೆ ತಿಳೀಲಿಲ್ಲ. ಆಚೆ ಗಿರಾಕಿ ಬಂತು. ಮತ್ತೆ ನೋಡಿದ್ರೆ ಇಲ್ಲ.”

ನನಗೆ ತಟ್ಟನೆ ಹೊಳೆಯಿತು. ನಾಣ್ಯ ಕೊಡಲು ಹೋಗಿದ್ದಾರೆ. ಬಿಚ್ಚಿ ಬಡವರ ಕೈಗೆ ಕೊಡಬೇಕು, ಬಡವರು ಸಿಗುವುದು ಮಸೀದಿಯ ಮೆಟ್ಟಿಲ ಮೇಲೆ. ಬರುವಾಗ ಕಾರಿನಿಂದ ಒಂದು ಸಣ್ಣ ಮಸೀದಿ ನೋಡಿದ್ದೆ. ಅರ್ಧ ಮೈಲಿ ಇರಬಹುದು. ಸುಡುವ ರಸ್ತೆಯಲ್ಲಿ ಓಡಿದೆ. ನಾನು ಓಡಿ ಎಷ್ಟೋ ವರ್ಷವಾಗಿತ್ತು. ಎದೆ ಒಡೆಯುವಂತಾಗಿ ಅಲ್ಲಿ ಮುಟ್ಟಿದರೆ ಬಾಗಿಲು ಮುಚ್ಚಿತ್ತು. ಮೆಟ್ಟಿಲ ಮೇಲೆ ಬೆಕ್ಕೊಂದು ಮಲಗಿತ್ತು. ಪಕ್ಕದ ಮನೆಯವರನ್ನು ಕೇಳಿದೆ. ಬಿಳಿ ರುಮಾಲಿನ ಮುದುಕ ಆ ಕಡೆ ಬಂದೇ ಇರಲಿಲ್ಲ.

ತಿರುಗಿ ಬರುವಷ್ಟರಲ್ಲಿ ಅರ್ಧ ತಾಸು ಕಳೆದಿತ್ತು. ರಸ್ತೆಯ ಏರಿನಲ್ಲಿ ರುಹಿ ನಿಂತಿದ್ದಳು. ಮೊಳಕಾಲಿನ ತನಕ ಒದ್ದೆ, ಓಢಣಿ ಸೊಂಟಕ್ಕೆ ಬಿಗಿದಿದ್ದಳು. ಹುಲಿಗೇಶನೂ ಬರಿಗೈಯಲ್ಲಿ ಬಂದಿದ್ದ. ಅವಳ ಕೈಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಮಾಸ್ತರರ ಹೆಸರು.

“ಎರಡನೇ ಸಲ ಮಾಡಾಕ ಹತ್ಯಾರ. ಫೋಟೊ ನೋಡಿರಬೇಕು,” ಎಂದಳು.

ನಾನು ಅವಳ ಕೈ ಹಿಡಿದೆ. “ರುಹಿ, ಊಟ ಮಾಡಿ ಮಲಗ್ಯಾರ ಅನ್ನು. ಅಷ್ಟ ಅನ್ನು ಬೇಟಾ. ಒಂದು ತಾಸಿನ್ಯಾಗ ಸಿಗತಾರ. ಸಿಕ್ಕ ಮ್ಯಾಲ ಏನೂ ಆಗಿಲ್ಲದಂಗ ಆಗತೈತಿ.”

“ಸಿಗಲಿಲ್ಲಂದ್ರ?”

“ಹಂಗ ಅನಬ್ಯಾಡ.”

“ಈಗ ಹೇಳಿದ್ರ ನಿನ್ನ ಕೆಲಸ ಇಲ್ಲಿಗೆ ಮುಗೀತು ತಂಗಿ,” ಎಂದ ಹುಲಿಗೇಶ, ನೆಲ ನೋಡುತ್ತ. “ಬೂಬಮ್ಮಾರು ಹೇಳೂದ ಬರೋಬರಿ ಐತಿ.”

ಅವಳು ಫೋನು ನೋಡಿದಳು, ನನ್ನನ್ನು ನೋಡಿದಳು. ಎರಡು ವರ್ಷ ಬಿಸಿಲಲ್ಲಿ ನಿಂತು ಮಕ್ಕಳಿಗೆ ಕಲ್ಲಿನ ಕತೆ ಹೇಳಿದ್ದು, ಅಬ್ಬಾನನ್ನು ಒಪ್ಪಿಸಿದ್ದು, ದಾರಿಯ ನಕಾಶೆ ಬರೆದದ್ದು ಎಲ್ಲ ಆ ಫೋನಿನೊಳಗೇ ಇದ್ದಂತಿತ್ತು. ಅವಳು ಗುಂಡಿ ಒತ್ತಿ, ನಾನೂ ಕೇಳುವಂತೆ ಸ್ಪೀಕರ್ ಹಾಕಿದಳು.

“ಸರ್, ಅಜ್ಜಾರು ಕಾಣವಲ್ರು. ಮುಕ್ಕಾಲು ತಾಸಾತು. ಹುಡುಕಾಕ ಹತ್ತೀವಿ. ನಾ ಕೈ ಬಿಟ್ಟಿದ್ದೆ, ನಂದ ತಪ್ಪು.”

ಆ ಕಡೆ ಕುರ್ಚಿ ಸರಿದ ಸದ್ದು, ಹೆಜ್ಜೆಯ ಸದ್ದು. ಅವರು ಹೊರಗೆ ಬಂದಿರಬೇಕು.

“ನೀರಿಗೇನರ ಇಳದಾರೇನು?” ಎಂದು ಕೇಳಿದರು.

“ಗೊತ್ತಿಲ್ರಿ ಸರ್.”

ನನಗೆ ತಡೆಯಲಾಗಲಿಲ್ಲ. “ಮಾಸ್ತರ, ನಾ ರುಹಿ ಅಮ್ಮಿ. ಕಾಕಾರ ತೋಳಿಗೆ ನಾನ ಬಟ್ಟ್ಯಾಗ ನಾಣ್ಯ ಸುತ್ತಿ ಕಟ್ಟಿದ್ದೆ. ಮುಟ್ಟಿದ ಮ್ಯಾಲ ಬಿಚ್ಚಬೇಕಂತ ಹೇಳಿದ್ದೆ. ಅದನ್ನ ಬಿಚ್ಚಾಕ ಹೋಗ್ಯಾರ. ಮಸೀದಿ ಕಡೆ ನೋಡಿ ಬಂದೆ, ಇಲ್ರಿ.”

“ಮಸೀದಿಗೆ ಯಾಕ ಹೋಗತಾರ?” ಎಂದರು ಅವರು. “ಬಟ್ಟಿ ಸುತ್ತಿ ಕಟ್ಟೀರಿ? ಅಪ್ಪಗ ಅದು ಕಂಕಣ ಆತು. ಕಂಕಣ ನೀರಿಗೆ ಬಿಡೂದು. ಅಲ್ಲಿ ಎಲ್ಲೇರ ಹರಿಯೋ ನೀರು ಐತೇನ್ರಿ? ಸಮುದ್ರ ಅಲ್ಲ. ಸಮುದ್ರ ಅವರ ಲೆಕ್ಕಕ್ಕ ನಿಂತ ನೀರು.”

ಶಿರಸಿಯ ಹೋಟೆಲ್ಲು, ಮೊಟ್ಟೆಯ ಸಿಪ್ಪೆ, ಕೆರೆಗೆ ಬಿಟ್ಟ ಕಂಕಣ ಎಲ್ಲ ಒಮ್ಮೆಗೇ ನೆನಪಾದವು. ಅವರು ನಮಗೆ ಹೇಳಿಯೇ ಇದ್ದರು. ನಾನು ನನ್ನ ಪದ್ಧತಿಯನ್ನು ಅವರ ತೋಳಿಗೆ ಕಟ್ಟಿ, ಅವರೂ ಅದನ್ನು ನಮ್ಮ ಹಾಗೆಯೇ ಬಿಚ್ಚುತ್ತಾರೆಂದು ತಿಳಿದಿದ್ದೆ.

“ಹೊಳಿ,” ಎಂದಳು ರುಹಿ, ಆಗಲೇ ಓಡುತ್ತ.

ಅಳಿವೆಯ ಕಡೆ ಗಾಳಿಮರಗಳ ತೋಪು ದಾಟಬೇಕಿತ್ತು. ಹುಲಿಗೇಶ ಮುಂದೆ, ರುಹಿ ಅವನ ಹಿಂದೆ, ನಾನು ಎಲ್ಲರ ಹಿಂದೆ. ತೋಪು ದಾಟಿದೊಡನೆ ಹೊಳೆ ಕಂಡಿತು. ನಮ್ಮ ತುಂಗಭದ್ರೆಗಿಂತ ಅಗಲ. ನಟ್ಟ ನಡುವೆ ಉದ್ದನೆಯ ಮರಳ ದಿಬ್ಬ, ದಿಬ್ಬದ ತುದಿಯಲ್ಲಿ ಬಿಳಿ ರುಮಾಲು.

ಅವರು ನಿಂತಿದ್ದರು. ನೀರು ಅವರ ಮೀನಖಂಡಕ್ಕೆ ಬಂದಿತ್ತು. ದಿಬ್ಬದ ಅರ್ಧ ಆಗಲೇ ಮುಳುಗಿತ್ತು. ದಂಡೆಗೂ ದಿಬ್ಬಕ್ಕೂ ನಡುವೆ, ಅವರು ನಡೆದು ಹೋಗಿರಬೇಕಾದ ಕಡೆ, ನೀರು ಸುಳಿ ಕಟ್ಟಿ ಹರಿಯುತ್ತಿತ್ತು.

ರುಹಿ ಸೀದಾ ನೀರಿಗೆ ಇಳಿದಳು. ಎರಡು ಹೆಜ್ಜೆಗೆ ಸೊಂಟ, ಮೂರನೆಯದಕ್ಕೆ ತೂರಾಡಿದಳು. ಹುಲಿಗೇಶ ಅವಳ ಓಢಣಿ ಹಿಡಿದು ಜಗ್ಗಿದ. ಅವಳಿಗೆ ಈಜು ಬರುವುದಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ.

“ಇಳಿಬೇಡಿ, ಇಳಿಬೇಡಿ,” ಎಂದು ಕೆಳಗಿನಿಂದ ಒಬ್ಬಳು ಕೂಗಿದಳು. ಹೊಳೆಯಲ್ಲಿ ಚಿಪ್ಪಿ ಹೆಕ್ಕಿ ತರುವ ಹೆಂಗಸು. ಸಣ್ಣ ದೋಣಿಯನ್ನು ದಂಡೆಗೆ ಎಳೆದು ಬುಟ್ಟಿ ಇಳಿಸುತ್ತಿದ್ದಳು. “ಸಮುದ್ರದ ನೀರು ಹೊಳೆಗೆ ಏರೂ ಹೊತ್ತು. ನಾವೆಲ್ಲ ಎದ್ದು ಬಂದ್ವಿ. ಆ ಅಜ್ಜನ್ನ ಕರದೆ, ಬರೂದಿಲ್ಲ ಅಂತಾನೆ. ನಿಮ್ಮವನಾ?”

“ನಮ್ಮವರ,” ಎಂದೆ. “ನಮ್ಮನ್ನ ಅಲ್ಲಿಗೆ ಬಿಡವ್ವಾ.”

“ಇಬ್ಬರೇ. ಮೂರು ಜನ ಹೋದ್ರೆ ಬರೂವಾಗ ಅಜ್ಜಂಗೆ ಜಾಗ ಇಲ್ಲ.”

ರುಹಿ ಹತ್ತಲು ಹೋದಳು. ನಾನು ಅವಳ ಭುಜ ಹಿಡಿದು ನಿಲ್ಲಿಸಿದೆ. “ಕಟ್ಟಿದಾಕಿ ನಾನು. ನಾನೂ ಬರತೀನಿ.” ಹುಲಿಗೇಶ ದಂಡೆಯಲ್ಲೇ ಉಳಿದ, ನಾವಿಬ್ಬರು ಹತ್ತಿದೆವು. ತಳದಲ್ಲಿ ಚಿಪ್ಪಿಗಳ ಮೇಲೆ ಕುಳಿತು ಕಣ್ಣು ಮುಚ್ಚದೆ ಬಿಳಿ ರುಮಾಲನ್ನೇ ನೋಡುತ್ತಿದ್ದೆ. ಹೆಂಗಸು ಗಳ ಊರಿ ದೋಣಿಯನ್ನು ಹೊಳೆಗೆ ಅಡ್ಡಲಾಗಿ ನೂಕಿದಳು. ದಿಬ್ಬಕ್ಕೆ ಮುಟ್ಟುವಷ್ಟರಲ್ಲಿ ನೀರು ಅವರ ಮೊಳಕಾಲಿಗೆ ಬಂದಿತ್ತು.

“ಅಜ್ಜಾರ, ಕೈ ಕೊಡ್ರಿ,” ಎಂದಳು ರುಹಿ.

“ತಡಿಯವ್ವಾ. ನೀರು ತಿರಗ್ಲಿ.” ಅವರ ದನಿಯಲ್ಲಿ ಅವಸರವಿರಲಿಲ್ಲ. ಬಲಗೈಯಿಂದ ತೋಳಿನ ಗಂಟು ಹಿಡಿದುಕೊಂಡಿದ್ದರು. “ನೋಡಿಲ್ಲಿ. ಹೊಳಿ ಹಿಂದಕ್ಕ ಹರಿಯಾಕ ಹತ್ತೈತಿ. ನಲವತ್ತು ವರ್ಷದಾಗ ಹಿಂಗ ಕಂಡಿಲ್ಲ. ಈಗ ಬಿಟ್ರ ಇದು ತಿರುಗಿ ಮನೀಗೇ ಬರತೈತಿ. ಮುಂದಕ್ಕ ಹರಿಯೋತನಾ ಕಾಯಬೇಕು.”

ನೋಡಿದೆ. ಖರೆಯೇ ಇತ್ತು. ಸಮುದ್ರದ ಕಡೆಯಿಂದ ಕಸಕಡ್ಡಿ, ನೊರೆ, ಒಂದು ತೆಂಗಿನ ಚಿಪ್ಪು, ಎಲ್ಲ ಘಟ್ಟದ ಕಡೆಗೆ ತೇಲಿ ಹೋಗುತ್ತಿದ್ದವು.

“ತಿರುಗಲಿಕ್ಕೆ ಸಂಜೆ ಆಗ್ಬೇಕು ಅಜ್ಜ,” ಎಂದಳು ದೋಣಿಯವಳು. “ಅಷ್ಟೊತ್ತಿಗೆ ಇಲ್ಲಿ ನಿನ್ನ ತಲೆ ಮುಳುಗೂವಷ್ಟು ನೀರು.”

“ನೀರಿನ ಮಾತು ನನಗ ಹೇಳಬ್ಯಾಡ.”

“ಇದು ನಿನ್ನ ನೀರಲ್ಲ.”

ಅವರು ಅವಳನ್ನು ಸಿಟ್ಟಿನಿಂದ ನೋಡಿದರು. ಒಂದು ಅಲೆ ಬಂದು ಅವರ ತೊಡೆಗೆ ಬಡಿಯಿತು, ಅವರು ಒಂದು ಹೆಜ್ಜೆ ಹಿಂದೆ ಸರಿದರು. ಅಲ್ಲಿ ಇನ್ನೂ ಆಳ. ರುಹಿ ದೋಣಿಯ ಅಂಚಿನಿಂದ ಬಾಗಿ ಅವರ ಅಂಗಿ ಹಿಡಿದಳು, ಕೊಸರಿಕೊಂಡರು. ಎಳೆದರೆ ದೋಣಿ ಮಗುಚುತ್ತದೆಂದು ದೋಣಿಯವಳು ಕೂಗಿದಳು.

ನಾನು ಮೊಳಕಾಲೂರಿ ಅಂಚಿಗೆ ಸರಿದೆ.

“ಕಾಕಾರ, ಇದನ್ನ ನೀರಿಗೆ ಬಿಡೂದಲ್ರಿ. ನಾ ಮುಂಜಾನೆ ಪೂರಾ ಹೇಳಲಿಲ್ಲ. ನಮ್ಮ ಮಂದಿ ಇದನ್ನ ಬಿಚ್ಚಿ ಯಾರದರ ಕೈಗೆ ಕೊಡತೀವಿ.”

“ಕೈಗೆ?”

“ಹೌದ್ರಿ. ಒಳಗ ನಾಣ್ಯ ಐತಿ. ನೀರಿಗೆ ಬಿಟ್ರ ಹರಿಯಂಗಿಲ್ಲ, ಮುಳಗತೈತಿ.”

ಅವರು ತೋಳನ್ನು ಹಿಚುಕಿ ನೋಡಿದರು. ನಾಣ್ಯ ಬೆರಳಿಗೆ ಹತ್ತಿರಬೇಕು. ಮುಖದಲ್ಲಿ ಏನೋ ಸಡಿಲವಾಯಿತು. “ಮೊದಲ ಹೇಳಬೇಕಿತ್ತಲ್ಲ ತಂಗೆವ್ವ. ಒಂದು ತಾಸು ನಿಂತೇನಿ.”

“ತಪ್ಪಾತ್ರಿ. ನಾನ ಕಟ್ಟೀನಿ, ನಾನ ಬಿಚ್ಚತೀನಿ. ಹತ್ರ ಬರ್ರಿ.”

ಅವರು ತೋಳು ಚಾಚಿದರು. ನಾನು ತೋಳು ಹಿಡಿದೆ, ರುಹಿ ಇನ್ನೊಂದು ಕೈ ಹಿಡಿದಳು, ದೋಣಿಯವಳು ಗಳವನ್ನು ಮರಳಿಗೆ ಊರಿ ದೋಣಿಯನ್ನು ಬಿಗಿಹಿಡಿದಳು. ಹರಗೋಲಿನವರಿಗೆ ಹತ್ತುವುದನ್ನು ಯಾರೂ ಕಲಿಸಬೇಕಾಗಲಿಲ್ಲ. ಒಂದು ಕಾಲು ಒಳಗಿಟ್ಟು, ಮೈ ನಡುವಿಗೆ ಹಾಕಿ, ದೋಣಿ ಅಲುಗದ ಹಾಗೆ ಕುಳಿತರು.

ಬಿಗಿದ ಗಂಟು ಬೆರಳಿಗೆ ಬಿಚ್ಚಿಕೊಳ್ಳಲಿಲ್ಲ. ಹಲ್ಲಿನಿಂದ ಬಿಡಿಸಿ ನಾಣ್ಯವನ್ನು ಅವರ ಅಂಗೈಗೆ ಹಾಕಿದೆ. ಅವರು ಅದನ್ನು ತಿರುಗಿಸಿ ನೋಡಿ, ಯಾರಿಗೆ ಎಂದು ನನ್ನನ್ನು ಕೇಳದೆ, ಗಳ ಊರುತ್ತಿದ್ದವಳ ಮುಂದೆ ಹಿಡಿದರು.

“ಎಂತದು?” ಎಂದಳು ಅವಳು.

“ದಾಟಿಸಿದ್ದರ ಕೂಲಿ. ತಗೋ. ನಾ ಯಾರಿಗೂ ಫುಕಟ ದಾಟಿಸಿದಂವಲ್ಲ, ಫುಕಟ ದಾಟಂವನೂ ಅಲ್ಲ.”

ಅವಳು ನಕ್ಕು ಸೆರಗಿಗೆ ಕಟ್ಟಿಕೊಂಡಳು. ಹಿಂದೆ ತಿರುಗಿ ನೋಡಿದೆ. ಅವರು ನಿಂತಿದ್ದ ಕಡೆ ಬರೀ ನೀರಿತ್ತು.

ದಂಡೆಯಲ್ಲಿ ಹುಲಿಗೇಶ ಅವರನ್ನು ಎತ್ತಿ ಇಳಿಸಿಕೊಂಡ, ಮಗುವಿನಂತೆ. ಅವನ ಕಣ್ಣು ಕೆಂಪಾಗಿತ್ತು. “ಅಜ್ಜಾ, ನಿನ್ನ ಕಾಲಿಗೆ ಹಗ್ಗಾ ಕಟ್ಟಿ ಸ್ಟೇರಿಂಗಿಗೆ ಬಿಗೀಬೇಕಿತ್ತು,” ಎಂದ.

“ಆಗ ನೀ ಎಲ್ಲಿ ಮಲಗತಿದ್ದಿ?” ಎಂದರು ಮೈಲಾರಪ್ಪ.

ರಸ್ತೆಯ ಏರಿಗೆ ಬಂದು ರುಹಿ ಫೋನು ಮಾಡಿದಳು. ಮಾಸ್ತರರು ಮೊದಲ ರಿಂಗಿಗೇ ಎತ್ತಿದರು. “ಸಿಕ್ಕಾರ್ರಿ ಸರ್. ಆರಾಮ ಅದಾರ” ಎಂದಳು. ಫೋನನ್ನು ಅವರಪ್ಪನ ಕೈಗೆ ಕೊಟ್ಟು, ಕಾರಿನ ಹಿಂದೆ ಹೋಗಿ ಕುಳಿತಳು. ನಾನು ಹೋಗಿ ಪಕ್ಕದಲ್ಲಿ ಕುಳಿತೆ. ಅವಳ ಒದ್ದೆ ಕಾಲನ್ನು ಮಡಿಲಲ್ಲಿಟ್ಟುಕೊಂಡು ಸೆರಗಿನಿಂದ ಒರೆಸಿದೆ. ಚಿಪ್ಪಿಯ ಅಂಚು ಕೊರೆದು ಪಾದದಲ್ಲಿ ರಕ್ತ ಬಂದಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ.

ತಿರುಗಿ ಬರುವಾಗ ಮೈಲಾರಪ್ಪನವರು ಹಿಂದಿನ ಸೀಟಿನಲ್ಲಿ ನನಗೂ ರುಹಿಗೂ ನಡುವೆ ಮಲಗಿದ್ದರು. ಅವಳು ಘಟ್ಟ ಏರಿ, ಶಿರಸಿ ದಾಟಿ, ಸವಣೂರ ತನಕ ಅವರ ಮುಂಗೈ ಹಿಡಿದೇ ಇದ್ದಳು. ಇನ್ನೊಂದು ಕೈಯಲ್ಲಿ ತನ್ನ ಪ್ರವಾಸದ ಹಾಳೆ. ಅದರಲ್ಲಿ ‘ಸಮುದ್ರ, ಒಂದು ಗಂಟೆ’ ಎಂದು ಬರೆದಿತ್ತು. ಅವಳು ಅದನ್ನು ಬಹಳ ಹೊತ್ತು ನೋಡಿ, ಹಲ್ಲಿನಿಂದ ಪೆನ್ನಿನ ಟೋಪಿ ತೆಗೆದು, ಅಲುಗಾಡುವ ಕಾರಿನಲ್ಲೇ ಕೆಳಗೆ ಬರೆದಳು: ‘ನೀರು ಏರುವ ಹೊತ್ತು ಕೇಳಿಕೊಂಡು ಹೋಗುವುದು.’ ಈ ಹಾಳೆ ಇನ್ನು ಬೇಕಾಗುವುದೋ ಇಲ್ಲವೋ ಎಂದು ನಾನು ಕೇಳಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಶಿರಹಟ್ಟಿ ಮುಟ್ಟಿದೆವು. ಕನಕರಾಜ ಮಾಸ್ತರ ಬಾಗಿಲ ಹೊರಗೇ ನಿಂತಿದ್ದರು. ರುಹಿ ಅವರ ತಂದೆಯ ಕೈಯನ್ನು ಅವರ ಕೈಯಲ್ಲಿ ಇಟ್ಟಳು. ಮುಂಜಾನೆ ಹೇಳಿದ ಹಾಗೆಯೇ. ಮಾಸ್ತರರು ತಂದೆಯ ತಲೆ, ಭುಜ, ಕಾಲು ಎಲ್ಲ ಮುಟ್ಟಿ ನೋಡಿದರು.

“ಹೊಳಿ ಹಿಂದಕ್ಕ ಹರೀತಲೇ ಕನಕ್ಯಾ,” ಎಂದರು ಮೈಲಾರಪ್ಪ. “ನಿನ್ನ ಪುಸ್ತಕದಾಗ ಐತೇನು?”

“ಐತಿ ಅಪ್ಪಾ. ಒಳಗ ನಡಿ.”

ಆಮೇಲೆ ನಮ್ಮ ಕಡೆ ತಿರುಗಿದರು. ಸಿಟ್ಟು ಇತ್ತು, ಇಲ್ಲವೆನ್ನಲಾರೆ. “ಮೇಡಂ, ನೀವು ತಿರುಗಿ ಫೋನ್ ಮಾಡುತನಾ ನಾ ಎಂಥಾ ತ್ರಾಸನ್ಯಾಗ ಇದ್ದೆ ನಿಮಗ ಗೊತ್ತಿಲ್ಲ.”

“ಗೊತ್ರಿ ಸರ್.”

“ಆ ನಾಕು ಮನಿಯವರು ಆಗಲೇ ಫೋನ್ ಮಾಡ್ಯಾರ, ಪ್ರವಾಸ ಹೆಂಗಾತಂತ.” ಅವರು ಅಪ್ಪನ ಕೈಯನ್ನು ಬಿಟ್ಟಿರಲಿಲ್ಲ. “ನಾ ಎಲ್ಲಾ ಹೇಳತೀನಿ. ಕೈ ಬಿಟ್ಟದ್ದೂ ಹೇಳತೀನಿ, ಬಿಟ್ಟೇನಂತ ನೀವು ಹೇಳಿದ್ದೂ ಹೇಳತೀನಿ. ನೀವು ಮುಚ್ಚಿಟ್ಟಿದ್ರ ನಾ ಹೊಳಿ ಮಾತು ತಗೀತಿದ್ದಿಲ್ಲ. ಇಷ್ಟೂ ಕೇಳಿ ಬರೋರು ಬರ್ಲಿ.”

“ಹಂಗ ಹೇಳ್ರಿ ಸರ್,” ಎಂದಳು ರುಹಿ. “ನಮ್ಮ ಅಬ್ಬಾಗೂ ನಾ ಹಂಗ ಹೇಳಬೇಕು.”

ಲಕ್ಷ್ಮೇಶ್ವರದ ದಾರಿಯಲ್ಲಿ ಅವಳ ತೋಳಿನ ಹಸಿರು ಗಂಟು ಇನ್ನೂ ಹಾಗೇ ಇರುವುದನ್ನು ಕಂಡೆ. ಬಿಚ್ಚಲು ಕೈ ಹಾಕಿದೆ.

“ಈಗ ಬ್ಯಾಡ ಅಮ್ಮಿ,” ಎಂದಳು ಅವಳು. “ಅಬ್ಬಾನ ಜೋಡಿ ಮಾತಾಡಿ ಮುಗೀಲಿ. ಇನ್ನೂ ಮುಟ್ಟಿಲ್ಲ.”

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಹುಲಿಗೇಶ ನಮ್ಮ ಓಣಿಗೆ ಕಾರು ತಿರುಗಿಸಿದ. ಬಾಗಿಲಲ್ಲಿ ಅವಳ ಅಬ್ಬಾ ನಿಂತಿರುವುದು ಕಾಣುತ್ತಿತ್ತು. ಈ ಸಲ ಖರೆ ಮಾತು ಮೊದಲು ನಾನೇ ಆಡಬೇಕೆಂದು, ಕಾರು ನಿಲ್ಲುವ ಮುಂಚೆಯೇ ಬಾಗಿಲ ಹಿಡಿಗೆ ಕೈ ಹಾಕಿದೆ.